ಏಳನೇ ಲಾಟಿನ ಶೇಂಗಾ ಜೊತೆ ಹಾಲೆಂಡಿಗೆ

ಆದೋನಿ, ಹೊರಡುವ ಮುಂಚೆ

ಹಾಲೆಂಡಿಗೆ ಹೋಗಿಬಂದೆ ಎಂದರೆ ಜನ ಮೊದಲು ಹೂವಿನ ತೋಟದ ಸುದ್ದಿ ಕೇಳುತ್ತಾರೆ. ನಾನು ಹೋದಾಗ ಹೂವಿನ ಕಾಲ ಮುಗಿದಿತ್ತು. ಗಾಳಿಯಂತ್ರವೊಂದನ್ನು ರೈಲಿನ ಕಿಟಕಿಯಿಂದ ಕಂಡೆ, ಅದೂ ತಿರುಗದೆ ನಿಂತಿತ್ತು. ಅಷ್ಟು ದೂರ ಹೋಗಿ ನಾನು ಕಣ್ಣು ನೆಟ್ಟು ನೋಡಿದ್ದೆಂದರೆ ಶೇಂಗಾ ಕಾಳು. ಅದೂ ನಮ್ಮೂರಿನದೇ, ನಾನೇ ಹೊತ್ತುಕೊಂಡು ಹೋಗಿದ್ದು.

ನನ್ನ ಹೆಸರು ನಾಗರತ್ನ, ಮದ್ದಿಕೇರದವಳು. ಆಂಧ್ರದ ಆದೋನಿಯ ಖಾಸಗಿ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಶೇಂಗಾ ಪರೀಕ್ಷೆ ಮಾಡುತ್ತಿದ್ದೇನೆ. ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ಹೊಟ್ಟೆಗೆ ಸೇರಿದರೆ ಲಿವರ್ ಕೆಡಿಸುತ್ತದೆ. ಹೊರದೇಶಕ್ಕೆ ಹೋಗುವ ಶೇಂಗಾದಲ್ಲಿ ಅದು ಮಿತಿಯೊಳಗಿದೆಯೋ ಇಲ್ಲವೋ ನೋಡಿ ಸಹಿ ಹಾಕುವುದು ನನ್ನ ಕೆಲಸ.

ವಿಷವನ್ನು ಅಳೆಯುವ ಯಂತ್ರ ನಮ್ಮಲ್ಲಿ ಆಗಲೇ ಇದೆ. ಆದರೆ ಅದು ಹಬ್ಬಕ್ಕೆ ಬಂದ ಹೊಸ ಅಳಿಯನ ಹಾಗೆ, ಎಲ್ಲ ಸಿದ್ಧ ಮಾಡಿ ಎದುರಿಗಿಟ್ಟರೆ ಮಾತ್ರ ಬಾಯಿ ಹಾಕುತ್ತದೆ. ಕಾಳು ಅರೆಯಬೇಕು, ತೂಗಬೇಕು, ದ್ರಾವಣ ಸುರಿದು ಅಲುಗಾಡಿಸಬೇಕು, ಸೋಸಬೇಕು, ತೆಳುಮಾಡಿ ಬೆರಳಿನ ತುದಿಯಷ್ಟು ಸೀಸೆಗೆ ತುಂಬಬೇಕು. ಇಷ್ಟೂ ಕೈಕೆಲಸ. ಅರೆಯುವುದು, ಅಲುಗಾಡಿಸುವುದು ಉರುಕುಂದಮ್ಮನ ಪಾಲು, ಉಳಿದದ್ದು ನನ್ನದು. ಉರುಕುಂದಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು, ನಾಗಲದಿನ್ನೆಯವಳು. ನಾನು ಸೇರುವ ಮೊದಲೇ ಅಲ್ಲಿದ್ದಳು.

ಈ ಕೈಕೆಲಸವನ್ನೆಲ್ಲ ತಾನೇ ಮಾಡುವ ಯಂತ್ರವೊಂದು ಹಾಲೆಂಡಿನಲ್ಲಿ ತಯಾರಾಗುತ್ತದೆ ಎಂದು ತಿಳಿದು, ಅದನ್ನು ತರಿಸಲು ಲ್ಯಾಬಿನ ಮಾಲೀಕರಾದ ನಮ್ಮ ಸಾವುಕಾರರು ಮನಸ್ಸು ಮಾಡಿದರು. ನಾನು ಹೋಗಬೇಕು, ನಮ್ಮ ಕಾಳನ್ನೇ ಅದಕ್ಕೆ ಹಾಕಬೇಕು, ಅದರ ಸಂಖ್ಯೆಗೂ ಆದೋನಿಯಲ್ಲಿ ನನ್ನ ಕೈ ಕೊಟ್ಟ ಸಂಖ್ಯೆಗೂ ತಾಳೆಯಾದರೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕು. ಇಷ್ಟೇ ಆಗಿದ್ದರೆ ನಾನು ಹೂವಿನ ಸುದ್ದಿಯನ್ನೇ ಬರೆಯುತ್ತಿದ್ದೆನೇನೋ. ನಡುವೆ ಏಳನೇ ಲಾಟು ಬಂತು.

ಒಬ್ಬರಿಂದ ಒಟ್ಟಿಗೆ ಬಂದ ಚೀಲಗಳು ಒಂದು ಲಾಟು. ಏಳನೇ ಲಾಟು ಸಾವುಕಾರರ ಹೆಂಡತಿಯ ಅಣ್ಣನದು, ಅವರು ಎಮ್ಮಿಗನೂರಿನವರು. ನಾವೆಲ್ಲ ಅವರನ್ನು ಭಾವಾರು ಎನ್ನುತ್ತೇವೆ. ಅವರ ಶೇಂಗಾದಲ್ಲಿ ವಿಷ ಮಿತಿಯ ಆರು ಪಟ್ಟು ಬಂತು. ನಾನು ಸಹಿ ಹಾಕಲಿಲ್ಲ. ಭಾವಾರು ಲ್ಯಾಬಿಗೇ ಬಂದರು.

"ಕೈಲೆ ಮಾಡಿದ್ದು ಅಂದ್ರ ಕೈ ತಪ್ಪತೈತಿ," ಅಂದರು. "ಹೆಂಗೂ ಆ ಮಿಷನ್ ನೋಡಾಕ ಹೊಂಟಾರ ಕದಾ. ನನ್ನ ಲಾಟೂ ಒಯ್ದು ಅದಕ್ಕ ಹಾಕ್ಲಿ. ಅದೇನ್ ಹೇಳ್ತೈತೋ ಅದೇ ಫೈನಲ್. ಅಲ್ಲಿಮಟ ಚೀಲ ಗೋಡೌನಿನಾಗ ಇರ್ಲಿ."

ಸಾವುಕಾರರು ನನ್ನ ಮುಖ ನೋಡಿದರು. "ಏನಂತೀಯಮ್ಮಾ ನಾಗರತ್ನಮ್ಮಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಹತ್ತೊಂಬತ್ತು ವರ್ಷದ ನನ್ನ ಕೈಯನ್ನು ಹೀಗೆ ನಾಲ್ಕು ಜನರ ಎದುರು ಆಡಿಕೊಂಡರಲ್ಲ ಎಂದು ಉರಿದುಹೋಯಿತು. "ಆತ್ರಿ," ಅಂದೆ. "ಕಾಳು ಚಲೋ ಐತಿ ಅಂತ ಮಿಷನ್ ಅಂದ್ರ ನಾನೇ ಸಹಿ ಹಾಕಿ ಈ ಲಾಟು ಕಳಿಸ್ತೀನಿ." ಈ ಮಾತನ್ನು ಯಾರೂ ನನ್ನಿಂದ ಕೇಳಿರಲಿಲ್ಲ.

ಗೋಡೌನಿಗೆ ನಾನೇ ಹೋದೆ. ಒಂದೊಂದು ಚೀಲಕ್ಕೂ ಕೊಳವೆ ಚುಚ್ಚಿ, ಮೇಲಿನದು ನಡುವಿನದು ಕೆಳಗಿನದು ಎಂದು ಕಾಳು ತೆಗೆದೆ. ವಿಷ ಎಲ್ಲ ಕಾಳಿನಲ್ಲಿ ಇರುವುದಿಲ್ಲ, ಬೊಗಸೆಗೊಂದು ಕೆಟ್ಟ ಕಾಳಿದ್ದರೂ ಸಾಕು, ಹಾಗಾಗಿ ಈ ಚುಚ್ಚುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಏಳನೆಯದರ ಜೊತೆ ಈಗಾಗಲೇ ಪಾಸಾದ ಹನ್ನೊಂದು ಲಾಟಿನ ಕಾಳೂ ಸೇರಿ, ಒಂದೊಂದು ಕಿಲೋದಂತೆ ಹನ್ನೆರಡು ಗುಡ್ಡೆ ಉರುಕುಂದಮ್ಮನ ಮುಂದೆ ಇಟ್ಟೆ. "ಹಾಲೆಂಡಿಗೆ ಒಯ್ಯಾವು, ಚಂದಗ ಕಟ್ಟವ್ವಾ," ಎಂದು ಹೇಳಿ ವೀಸಾ ಕಾಗದಗಳ ಹಿಂದೆ ಓಡಿದೆ. ಬಂದು ನೋಡಿದರೆ ಹನ್ನೆರಡು ಬಿಳಿ ಬಟ್ಟೆಯ ಚೀಲ, ಬಾಯಿಗೆ ಕೆಂಪು ದಾರದ ಹೊಲಿಗೆ. ಮದುವೆಗೆ ಕಟ್ಟಿದ ಬುತ್ತಿಯ ಹಾಗೆ ಕಂಡವು.

ಆಮ್‌ಸ್ಟರ್‌ಡ್ಯಾಂ ವಿಮಾನ ನಿಲ್ದಾಣ

ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಆರಡಿ ಮೇಲೆ ಇನ್ನೂ ಅರ್ಧ ಅಡಿ ಇದ್ದ. ಕೆಂಪು ಹೊಲಿಗೆಯ ಹನ್ನೆರಡು ಚೀಲಗಳನ್ನು ಸಾಲಾಗಿ ಮೇಜಿನ ಮೇಲಿಟ್ಟ. "ಇವು ತಿನ್ನಲಿಕ್ಕೋ?" ಎಂದು ಕೇಳಿದ.

ನಾನು ಸತ್ಯ ಹೇಳಿದೆ. "ಅಲ್ಲ, ತಿನ್ನಬಾರದು. ಒಂದರಲ್ಲಿ ವಿಷ ಇದೆ."

ವಿಮಾನ ನಿಲ್ದಾಣದಲ್ಲಿ ಆಡಬಾರದ ಮಾತುಗಳ ಪಟ್ಟಿಯಲ್ಲಿ ಇದು ಮೊದಲನೆಯದಿರಬೇಕು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಎಲ್ಲಿಂದಲೋ ಇನ್ನಿಬ್ಬರು ಬಂದರು, ಒಂದು ನಾಯಿಯೂ ಬಂತು. ನನ್ನನ್ನು ಒಂದು ಕೋಣೆಯಲ್ಲಿ ಕುರ್ಚಿ ಹಾಕಿ ಕೂಡಿಸಿದರು. ನೀರು ಬೇಕೇ ಎಂದು ಕೇಳಿ, ಬೇಕು ಎಂದಮೇಲೆ ಕೊಟ್ಟರು. ನಮ್ಮಲ್ಲಾದರೆ ಕೇಳದೇ ಕೊಡುತ್ತಾರೆ, ಬೈದುಕೊಂಡೇ ಕೊಡುತ್ತಾರೆ.

ಯಂತ್ರದ ಕಂಪನಿ ಕಳಿಸಿದ್ದ ಕಾಗದವನ್ನು ಮೂರು ಮೂರು ಸಲ ಓದಿದರು. ಎಲ್ಲಿಗೋ ಫೋನು ಮಾಡಿದರು. ಏಳನೇ ಚೀಲ ಇಲ್ಲೇ ಉಳಿದುಬಿಟ್ಟರೆ ಏನು ಮಾಡಲಿ ಎಂಬುದೊಂದೇ ನನ್ನ ಚಿಂತೆ. ಉಳಿದ ಹನ್ನೊಂದನ್ನು ಬೇಕಾದರೆ ಆ ನಾಯಿಗೆ ಹಾಕಲಿ, ಏಳನೆಯದನ್ನು ಕೊಡಲಿ ಎಂದುಕೊಂಡೆ. ಒಂದು ಗಂಟೆಯಾದ ಮೇಲೆ ಅಧಿಕಾರಿ ಎಲ್ಲ ಚೀಲಗಳನ್ನೂ ತಾನೇ ಪೆಟ್ಟಿಗೆಗೆ ಜೋಡಿಸಿ, ನಕ್ಕು, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಆದರೆ ಮುಂದಿನ ಸಲ 'ಪರೀಕ್ಷೆಗೆ' ಎಂದಷ್ಟೇ ಹೇಳಿ ಎಂದ.

ಮೊದಲ ದಿನ, ಯಂತ್ರದ ಎದುರು

ಕಂಪನಿಯ ಲ್ಯಾಬು ಒಂದು ಸಣ್ಣ ಊರಿನಲ್ಲಿತ್ತು, ಕಾಲುವೆಯ ದಂಡೆಯ ಮೇಲೆ. ನನ್ನನ್ನು ನೋಡಿಕೊಳ್ಳುವವಳು ಮರೈಕೆ, ನನ್ನ ಓರಗೆಯ ಹೆಂಗಸು, ರಸಾಯನಶಾಸ್ತ್ರ ಓದಿದವಳು. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದಳು, ತೊಯ್ದ ತಲೆಯನ್ನು ಒರೆಸಿಕೊಳ್ಳಲೂ ಇಲ್ಲ. ಕೈ ಕುಲುಕಿ ನೇರ ಕೆಲಸಕ್ಕೆ ಬಂದಳು. ಪ್ರಯಾಣ ಹೇಗಾಯಿತು, ತಿಂಡಿ ಆಯಿತೇ, ಮನೆಯಲ್ಲಿ ಯಾರಾರು ಇದ್ದಾರೆ ಎಂಬ ಒಂದು ಮಾತೂ ಇಲ್ಲ. ಈಕೆಗೆ ನನ್ನ ಮೇಲೆ ಏನೋ ಕೋಪ ಇರಬೇಕು ಎಂದುಕೊಂಡೆ. ಆ ದೇಶದವರ ಮರ್ಯಾದೆಯೇ ಹಾಗೆ, ಎದುರಿನವರ ಹೊತ್ತು ಹಾಳು ಮಾಡದಿರುವುದು, ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಕಾಳನ್ನು ಅಲ್ಲಿಯ ಗಿರಣಿಯಲ್ಲೇ ಅರೆಯುವುದೆಂದು ಮಾತಾಗಿತ್ತು. ಮರೈಕೆ ಒಂದೊಂದೇ ಚೀಲದ ಹೊಲಿಗೆ ಬಿಚ್ಚಿ ತಟ್ಟೆಗೆ ಸುರಿದಳು. "ಎಷ್ಟು ಚೆಂದದ ಕಾಳು," ಎಂದಳು. "ಇಷ್ಟು ಒಂದೇ ಸಮನಾದ ಕಾಳನ್ನು ನಾನು ನೋಡಿಲ್ಲ." ನನ್ನ ಎದೆ ಉಬ್ಬಿತು. ನಮ್ಮ ಕೆಂಪು ನೆಲದ ಗುಣ, ನಮ್ಮ ಜನರ ದುಡಿತ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಒಂದೊಂದರಲ್ಲಿ ಮುಕ್ಕಾಲು ಪಾಲು ಅರೆದು, ಉಳಿದದ್ದನ್ನು ಅದೇ ಚೀಲದಲ್ಲಿ ಇಟ್ಟೆವು.

ಯಂತ್ರ ಗಾಜಿನ ಬೀರುವಿನೊಳಗೆ ಇತ್ತು. ಒಳಗೆ ಒಂದು ತೋಳು. ಅದು ಹಿಟ್ಟು ತೂಗಿತು, ದ್ರಾವಣ ಹಾಕಿತು, ಸೀಸೆಯ ಮುಚ್ಚಳ ತಿರುಗಿಸಿ ಅಲುಗಾಡಿಸಲು ಇಟ್ಟಿತು. ಒಂದು ಹನಿ ಚೆಲ್ಲಲಿಲ್ಲ, ಒಂದು ಸಲವೂ ಮೂಗು ಕೆರೆದುಕೊಳ್ಳಲಿಲ್ಲ. ಉರುಕುಂದಮ್ಮ ಅಲುಗಾಡಿಸುವಾಗ ಅವಳ ಬಳೆ ಸದ್ದಾಗುತ್ತವೆ, ನಾವು ಮಾತಾಡುತ್ತೇವೆ, ಎಮ್ಮಿಗನೂರಿನ ಸೀರೆಯ ಬಾರ್ಡರಿನಿಂದ ಹಿಡಿದು ಅವಳ ಸೊಸೆಯ ವರೆಗೆ ಎಲ್ಲ ಬರುತ್ತದೆ. ಇಲ್ಲಿ ಟಿಕ್ ಟಿಕ್ ಎಂಬ ಸದ್ದು ಮಾತ್ರ. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಮಧ್ಯಾಹ್ನ ಮರೈಕೆ ಡಬ್ಬಿ ತೆರೆದಳು. ಎರಡು ಬ್ರೆಡ್ಡು, ನಡುವೆ ದಪ್ಪಗೆ ಸವರಿದ ಶೇಂಗಾ ಬೆಣ್ಣೆ. ತಣ್ಣನೆಯ ಊಟ, ಹತ್ತು ನಿಮಿಷದಲ್ಲಿ ಮುಗಿಯಿತು. ದಿನಾಲೂ ಇದೇ, ನನ್ನ ಮಗಳಿಗೂ ಇದೇ ಎಂದಳು. ನಾನು ತಂದಿದ್ದ ಜೋಳದ ರೊಟ್ಟಿ ಗಟ್ಟಿಯಾಗಿತ್ತು, ಶೇಂಗಾ ಹಿಂಡಿಯ ಜೊತೆ ಮುರಿದುಕೊಂಡು ತಿಂದೆ. ಇಬ್ಬರೂ ಶೇಂಗಾ ತಿನ್ನುತ್ತಾ ಶೇಂಗಾದ ವಿಷಕ್ಕೆ ಕಾದೆವು.

ಸಂಜೆ ನಾಲ್ಕಕ್ಕೆ ಫಲಿತಾಂಶ ಬಂತು. ಹನ್ನೊಂದು ಲಾಟು ನನ್ನ ಸಂಖ್ಯೆಗೆ ಕೂದಲೆಳೆಯಷ್ಟು ಹತ್ತಿರ. ಏಳನೆಯದು ಶುದ್ಧ. ಮಿತಿಯೊಳಗೆ ಎಂದಲ್ಲ, ಏನೇನೂ ಇಲ್ಲ.

ಮರೈಕೆ ನನ್ನ ಹಾಳೆಯನ್ನೂ ಪರದೆಯನ್ನೂ ನೋಡಿದಳು. ನೋಡಿ, "ನಿಮ್ಮಲ್ಲಿ ಸೀಸೆ ಸರಿಯಾಗಿ ತೊಳೆಯುತ್ತಾರೆಯೇ?" ಎಂದು ಕೇಳಿದಳು.

ಎರಡನೇ ದಿನ, ನನ್ನ ಕೈ

ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲಲ್ಲಿದ್ದೆ. ಯಂತ್ರವನ್ನು ಮೊದಲು ಪರೀಕ್ಷಿಸಬೇಕು ಎಂದೆ. ಮರೈಕೆ ಬೇಸರಪಟ್ಟುಕೊಳ್ಳಲಿಲ್ಲ. ಒಳ್ಳೆಯ ಲಾಟಿನ ಹಿಟ್ಟಿಗೆ ಗೊತ್ತಿರುವಷ್ಟು ವಿಷವನ್ನು ನಾವೇ ಬೆರೆಸಿ, ಯಂತ್ರಕ್ಕೆ ಹೇಳದೆ ಕೊಟ್ಟೆವು. ಅದು ನಾವು ಹಾಕಿದಷ್ಟನ್ನೇ ಕಂಡುಹಿಡಿಯಿತು. ಮೂರು ಸಲ ಕೊಟ್ಟೆವು, ಮೂರು ಸಲವೂ ಸರಿ. ಅಲ್ಲಿಗೆ ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದಾಯಿತು.

ಆ ಯಂತ್ರದ ಪಕ್ಕದಲ್ಲೇ ಒಂದು ಖಾಲಿ ಮೇಜು ಕೇಳಿ ತೆಗೆದುಕೊಂಡು ಏಳನೇ ಲಾಟನ್ನು ಕೈಯಲ್ಲೇ ಮಾಡಿದೆ. ತೂಗಿದೆ, ಸುರಿದೆ, ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದೆ. ಅಲ್ಲಿಯವರು ಹಾದುಹೋಗುವಾಗ ಒಂದು ಕ್ಷಣ ನಿಂತು ನೋಡಿ ಹೋದರು. ರಟ್ಟೆ ನೋಯತೊಡಗಿದಾಗ ಉರುಕುಂದಮ್ಮ ಇದನ್ನು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಾಳಲ್ಲ ಎಂದು ಮೊದಲ ಸಲ ಅನಿಸಿತು.

ಎರಡು ಗಂಟೆಗೆ ನನ್ನ ಕೈಯ ಸಂಖ್ಯೆ ಬಂತು. ಅದೂ ಶುದ್ಧ.

ಕುರ್ಚಿ ಹುಡುಕಿ ಕೂತೆ. ಯಂತ್ರ ಸರಿ, ಇವತ್ತಿನ ನನ್ನ ಕೈಯೂ ಸರಿ. ಹಾಗಾದರೆ ಆದೋನಿಯಲ್ಲಿ ಅಂದು ಸುಳ್ಳಾಡಿದ್ದು ನನ್ನ ಕೈಯೇ. ಅಂದು ಒಂದೇ ದಿನವೋ, ಇನ್ನೆಷ್ಟು ದಿನವೋ. ಹತ್ತೊಂಬತ್ತು ವರ್ಷ ನಾನು ಬೇಡವೆಂದು ನಿಲ್ಲಿಸಿದ ಲಾಟುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಹೋಗಲಿ ಎಂದು ಸಹಿ ಹಾಕಿದವೂ ಬಂದವು. ಎರಡನೆಯವು ಹೆಚ್ಚು ಹೆದರಿಸಿದವು.

ಸಾವುಕಾರರ ಫೋನು ಬಂತು. "ಏನಾಯ್ತಮ್ಮಾ? ಭಾವಾರು ಬೆಳಿಗ್ಗೆಯಿಂದ ಇಲ್ಲೇ ಕುಂತಾರ."

"ನಾಳೆ ಸಂಜೀಕ ರಿಪೋರ್ಟು ಬರತೈತ್ರಿ," ಅಂದೆ.

"ಅದು ಸರೇ. ಏಳನೇದು ಏನಾಯ್ತು ಹೇಳು."

"ನಾಳೆ ಹೇಳ್ತೀನ್ರಿ."

ನಾನು ಉತ್ತರ ತಪ್ಪಿಸುವವಳಲ್ಲ ಎಂದು ಅವರಿಗೆ ಗೊತ್ತು. ಫೋನಿನ ಆ ಕಡೆ ಭಾವಾರು ಏನೋ ಅಂದು ನಕ್ಕದ್ದು ಕೇಳಿಸಿತು. ರಿಪೋರ್ಟು ಹೋದ ಮರುದಿನವೇ ಲಾರಿಗೆ ಚೀಲ ಏರುತ್ತವೆ. ಮಾತು ನಾನೇ ಕೊಟ್ಟಿದ್ದೆ.

ಅದೇ ಸಂಜೆ, ಮರೈಕೆಯ ಮನೆ

ಅಂದು ಮರೈಕೆಯ ಮಗಳ ಹುಟ್ಟಿದಹಬ್ಬ, ಬಾ ಎಂದು ಕರೆದಿದ್ದಳು. ಹೋಗುವ ಮನಸ್ಸಿರಲಿಲ್ಲ, ಒಬ್ಬಳೇ ಇರುವ ಧೈರ್ಯವೂ ಇರಲಿಲ್ಲ. ಹೋದೆ.

ಅಲ್ಲಿ ಹುಟ್ಟಿದಹಬ್ಬಕ್ಕೆ ಮಗುವಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಗುಂಡಗೆ ಕುರ್ಚಿ ಹಾಕಿ ಕೂತ ಅಜ್ಜ, ಅಜ್ಜಿ, ಸೋದರತ್ತೆ, ಪಕ್ಕದ ಮನೆಯವರು, ಒಬ್ಬೊಬ್ಬರ ಎದುರಿಗೂ ಹೋಗಿ ಕೈ ಕುಲುಕಿ ಅಭಿನಂದಿಸಬೇಕು. ನನಗೂ ಎಲ್ಲರೂ ಅಭಿನಂದನೆ ಹೇಳಿದರು. ಆ ದಿನ ಅಭಿನಂದನೆಗೆ ನನ್ನಷ್ಟು ಅಯೋಗ್ಯರು ಆ ಊರಿನಲ್ಲಿ ಇರಲಾರರು. ಆಮೇಲೆ ಒಂದೊಂದು ತುಂಡು ಕೇಕು, ಒಂದೇ ಲೋಟ ಕಾಫಿ. ಇನ್ನೊಂದು ತುಂಡು ಬೇಕೇ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಎಂಟು ವರ್ಷದ ಹುಡುಗಿ ಕೇಕು ಬಿಟ್ಟು ಶೇಂಗಾ ಬೆಣ್ಣೆಯ ಬ್ರೆಡ್ಡೇ ಬೇಕೆಂದು ಹಟ ಮಾಡಿ ತಿಂದಳು, ಕೆನ್ನೆಗೆಲ್ಲ ಮೆತ್ತಿಕೊಂಡಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ನನ್ನ ಮೊದಲ ಸಂಖ್ಯೆಯೇ ನಿಜವಾಗಿದ್ದರೆ ಆ ಚೀಲಗಳು ಬಂದು ಸೇರುವುದು ಇಂಥ ಬ್ರೆಡ್ಡಿಗೇ.

ನಾಲ್ಕೂವರೆಗೆ ನೆಂಟರೆಲ್ಲ ಒಟ್ಟಿಗೇ ಎದ್ದು ಹೋದರು. ನಿನಗಾಗಿ ಬೇಳೆಯ ಸಾರು ಮಾಡೋಣ ಎಂದು ಮರೈಕೆ ಕೆಂಪು ಬೇಳೆಯ ಪ್ಯಾಕೆಟ್ಟು ನನ್ನ ಕೈಗೆ ಕೊಟ್ಟು ಈರುಳ್ಳಿ ಹೆಚ್ಚಲು ಹೋದಳು. ನಾನು ತಟ್ಟೆಗೆ ಬೇಳೆ ಸುರಿದು, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾ ಕೂತೆ.

"ಏನಾದರೂ ಬಿತ್ತೇ?" ಎಂದು ಮರೈಕೆ ಕೇಳಿದಳು.

"ಇಲ್ಲವಲ್ಲ."

"ಮತ್ತೇನು ಹುಡುಕುತ್ತಿದ್ದೀಯ?"

"ಹಸನು ಮಾಡುತ್ತಿದ್ದೇನೆ. ಕಲ್ಲು, ಕೆಟ್ಟ ಕಾಳು ಇದ್ದರೆ ತೆಗೆಯುವುದು."

"ಪ್ಯಾಕೆಟ್ಟಿನ ಬೇಳೆಯಲ್ಲಿ ಏನೂ ಇರುವುದಿಲ್ಲ," ಎಂದು ನಕ್ಕಳು. "ಮನೆಗೆ ಬಂದವರಿಗೆ ಕೊಡುವಾಗ ಯಾವಾಗಲೂ ಹೀಗೆ ಮಾಡುತ್ತೀರಾ?"

ನನ್ನ ಬೆರಳು ತಟ್ಟೆಯ ಮೇಲೆ ನಿಂತಿತು. ಕೆಂಪು ದಾರದ ಹೊಲಿಗೆ ನೆನಪಾಯಿತು. ಎಷ್ಟು ಚೆಂದದ ಕಾಳು ಎಂದ ಮಾತು ನೆನಪಾಯಿತು. ಗೋಡೌನಿನಲ್ಲಿ ನಾನು ಚುಚ್ಚಿ ತೆಗೆದ ಕಾಳಿನಲ್ಲಿ ಮುರುಟಿದವು, ಕಪ್ಪಗಾದವು ನನ್ನ ಕಣ್ಣಿಗೇ ಬಿದ್ದಿದ್ದವು. ತಟ್ಟೆ ಕೆಳಗಿಟ್ಟು ಹಿತ್ತಿಲ ಬಾಗಿಲಿಗೆ ಹೋಗಿ ಫೋನು ಹಚ್ಚಿದೆ. ಊರಿನಲ್ಲಿ ಎಂಟು ಗಂಟೆ, ಉರುಕುಂದಮ್ಮ ಉಣ್ಣುತ್ತಿದ್ದಳು.

"ಉರುಕುಂದಮ್ಮಾ, ಆ ಕಾಳು ಕಟ್ಟಾಗ ಏನಾರ ಮಾಡಿದೇನವ್ವಾ?"

"ಏನ್ ಮಾಡಿಲ್ರಿ ಮೇಡಮ್. ಹಸನ ಮಾಡಿ ಕಟ್ಟೀನ್ರಿ."

"ಹಸನ ಅಂದ್ರ?"

"ಕೇರಿ, ಆರಿಸಿ. ಕರ್ರಗಾದುವು, ಮುರುಟಿದುವು, ಬೂಸ್ಟು ಹಿಡಿದುವು ತೆಗೆದೀನಿ. ಎರಡ್ ದಿನ ಕುಂತು ಹನ್ನೆರಡೂ ಆರಿಸೀನ್ರಿ. ಚಂದಗ ಕಟ್ಟು ಅಂದಿದ್ರಿ. ಆ ಮಂದಿ ಬಿಚ್ಚಿ ನೋಡಿ, ಆದೋನ್ಯಾರು ಎಂಥಾ ಕಾಳು ಕಳಿಸ್ಯಾರ ಅನಬಾರ್ದಲ್ರಿ. ನಿಮ್ಮ ಮರ್ಯಾದಿ ಐತಿ."

ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಲ್ಯಾಬಿಗೆ ಬರುವ ಕಾಳೆಲ್ಲ ಅವಳ ಕೈ ದಾಟಿಯೇ ನನ್ನ ಕೈಗೆ ಬರುತ್ತದೆ.

"ದಿನಾ ಟೆಸ್ಟಿಗೆ ಬರ್ತಾವಲ್ಲ, ಅವನ್ನೂ ಹಿಂಗೇ ಆರಿಸಿ ಅರೀತಿಯೇನು?"

ಆ ಕಡೆ ಅವಳು ಸೊಸೆಗೆ ಏನೋ ಹೇಳಿದಳು, ಪಾತ್ರೆ ಸರಿದ ಸದ್ದಾಯಿತು.

"ಅವ್ಯಾಕ ಆರಿಸ್ಲಿ?" ಅಂದಳು. "ಅವು ತಿನ್ನಾವಲ್ಲಲ್ರಿ, ನೋಡಾವು. ಹೆಂಗ್ ಬರ್ತಾವೋ ಹಂಗ ಅರೀತೀನಿ. ಇವು ಮಂದಿಗೆ ಕೊಡಾವಂತ ಆರಿಸಿದೆ."

ಹೌದು. ಅವಳು ದಿನಾ ಆರಿಸುತ್ತಿದ್ದರೆ ಏಳನೇ ಲಾಟು ಆದೋನಿಯಲ್ಲಿ ಫೇಲೇ ಆಗುತ್ತಿರಲಿಲ್ಲ. ನಾನು ಕೊಟ್ಟ ಆ ಕೆಟ್ಟ ಸಂಖ್ಯೆಯೇ ಅವಳ ಪರ ಸಾಕ್ಷಿ. ಉಳಿದ ಹನ್ನೊಂದು ಲಾಟು ಮೊದಲೇ ಒಳ್ಳೆಯವು, ಆರಿಸಿದರೂ ಬಿಟ್ಟರೂ ಅವುಗಳ ಸಂಖ್ಯೆ ಅಷ್ಟೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

"ತೆಗೆದುವು ಎಲ್ಲಿ? ಒಗೆದೇನು?"

"ಅಯ್ಯ, ಲ್ಯಾಬಿನ ಕಾಳು ನೀವು ಹೇಳದ ಒಗಿಯಾಕ ಬರತೈತೇನ್ರಿ? ಏಳನೇದ್ರಾಗ ಒಂದ್ ಹಿಡಿ ಬಂದ್ವು, ಉಳಿದುವ್ರಾಗ ಎರಡೋ ಮೂರೋ. ಬ್ಯಾರೆ ಬ್ಯಾರೆ ಕಾಗದದಾಗ ಸುತ್ತಿ ನಂಬರ್ ಹಾಕಿ ಕಪಾಟಿನಾಗ ಇಟ್ಟೀನಿ." ಆಮೇಲೆ ಕೇಳಿದಳು. "ಹಂಗಾರ ನಿಮಗ ಕೆಟ್ಟಿದ್ದೇ ಬೇಕಿತ್ತೇನ್ರಿ?"

"ಹೂಂ ಅವ್ವಾ. ಕೆಟ್ಟಿದ್ದರಾಗೇ ಇರ್ತೈತಿ ಅದು."

"ಮೊದ್ಲ ಹೇಳಬೇಕಿತ್ತಿಲ್ರಿ," ಅಂದಳು.

ಹತ್ತೊಂಬತ್ತು ವರ್ಷ. ಇಷ್ಟು ಗ್ರಾಮು ಅರಿ, ಇಷ್ಟು ಹೊತ್ತು ಅಲುಗಾಡಿಸು, ಏನನ್ನೂ ಒಗೆಯಬೇಡ ಎಂದು ಹೇಳಿದ್ದೇನೆ. ನಾವು ಏನು ಹುಡುಕುತ್ತಿದ್ದೇವೆ ಎಂದು ಒಂದು ದಿನವೂ ಹೇಳಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಮೂರನೇ ದಿನ, ಐದು ಗಂಟೆಯೊಳಗೆ

ಬೆಳಿಗ್ಗೆ ಲ್ಯಾಬಿನಲ್ಲಿ ಏಳನೇ ಚೀಲದ ಉಳಿದ ಕಾಳನ್ನು ಬಿಳಿ ಹಾಳೆಯ ಮೇಲೆ ಹರಡಿದೆ. ಮರೈಕೆ, ನಾನು ಇಬ್ಬರೂ ಬಗ್ಗಿ ನೋಡಿದೆವು. ಒಂದೇ ಒಂದು ಮುರುಟು ಕಾಳಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ.

"ಬಂದ ಫಲಿತಾಂಶವನ್ನು ತೆಗೆದುಹಾಕಲು ನನಗೆ ಆಗದು," ಎಂದಳು. "ಬಂದ ಕಾಳು ಶುದ್ಧ, ಹಾಗೆಯೇ ಬರೆಯುತ್ತೇನೆ. ಐದು ಗಂಟೆಗೆ ರಿಪೋರ್ಟು ಹೋಗುತ್ತದೆ. ಕೆಳಗೆ ಷರಾ ಬರೆಯಲು ಜಾಗ ಇದೆ, ಅದು ನಿನ್ನದು. ಆದರೆ ಆಧಾರ ಬೇಕು. ಫೋನಿನಲ್ಲಿ ಯಾರೋ ಹೇಳಿದರು ಎಂದರೆ ಆಗದು."

ಆಧಾರ ಆದೋನಿಯ ಕಪಾಟಿನಲ್ಲಿತ್ತು. ನನ್ನ ಜೊತೆಯ ಕೆಮಿಸ್ಟು ಮಾಬುಸಾಬರು ನಂಬಿಕೆಯ ಮನುಷ್ಯ, ಮಾತು ಕಡಿಮೆ. ಏಳನೆಯದರ ಕಾಗದ ಬಿಚ್ಚಿ, ತೂಗಿ, ಒಂದಿಷ್ಟು ಕಾಳು ಎತ್ತಿಟ್ಟು, ಮಿಕ್ಕದ್ದನ್ನು ಅರೆದು ನಮ್ಮ ಅಳೆಯುವ ಯಂತ್ರಕ್ಕೆ ಹಾಕಲು ಹೇಳಿದೆ. ಹನ್ನೆರಡಕ್ಕೆ ಉತ್ತರ ಬರಬೇಕಿತ್ತು. ಹನ್ನೆರಡೂವರೆಗೆ ಫೋನು ಬಂತು.

"ಮೇಡಮ್, ಬಹುತ್ ಜಾಸ್ತಿ ಐತಿ. ಯಂತ್ರ ಅಳಿಯೋ ಅಷ್ಟನ್ನ ದಾಟಿಬಿಟ್ಟೈತಿ. ಹತ್ತು ಪಟ್ಟು ತೆಳು ಮಾಡಿ ಮತ್ತ ಹಾಕ್ತೀನಿ."

ಎರಡು ಗಂಟೆಗೆ ಮತ್ತೆ ಅದೇ ಮಾತು. ಇನ್ನೂ ದಾಟುತ್ತಿದೆ, ನೂರು ಪಟ್ಟು ತೆಳು ಮಾಡುತ್ತೇನೆ ಎಂದರು. ಮೂರಾಯಿತು, ಮೂರೂವರೆಯಾಯಿತು. ಮರೈಕೆ ಬ್ರೆಡ್ಡು ತಿನ್ನದೆ ಕೂತಿದ್ದಳು. ಆ ದೇಶದಲ್ಲಿ ಅದು ದೊಡ್ಡ ಮಾತು. ನಾನು ಕಾಲುವೆಯ ನೀರು ನೋಡುತ್ತಾ ನಿಂತೆ, ನೀರು ಯಾವ ಕಡೆಗೆ ಹರಿಯುತ್ತಿತ್ತೋ ನೆನಪಿಲ್ಲ.

ನಾಲ್ಕಕ್ಕೆ ಸಂಖ್ಯೆ ಬಂತು. ಆ ಒಂದು ಹಿಡಿಯ ವಿಷವನ್ನು ಇಡೀ ಕಿಲೋಗೆ ಹಂಚಿ ಲೆಕ್ಕ ಹಾಕಿದೆ. ಆದೋನಿಯಲ್ಲಿ ನಾನು ಮೊದಲು ಕೊಟ್ಟ ಸಂಖ್ಯೆಯ ಹತ್ತಿರಕ್ಕೇ ಬಂದು ನಿಂತಿತು. ಮರೈಕೆ ತಾನೂ ಒಮ್ಮೆ ಲೆಕ್ಕ ಹಾಕಿ ನೋಡಿದಳು. ಆಮೇಲೆ ಎದ್ದು ಬಂದು, "ಸೀಸೆಯ ಮಾತು ಆಡಬಾರದಿತ್ತು," ಎಂದಳು.

ಷರಾದ ಜಾಗದಲ್ಲಿ ಬರೆದೆ. ಈ ಮಾದರಿಯನ್ನು ಕಟ್ಟುವ ಮುನ್ನ ಕೆಟ್ಟ ಕಾಳು ಆರಿಸಿ ತೆಗೆಯಲಾಗಿದೆ, ಇದು ಲಾಟಿನ ಮಾದರಿಯಲ್ಲ. ತೆಗೆದ ಕಾಳಿನ ಫಲಿತಾಂಶ ಜೊತೆಗಿದೆ. ಮೊದಲಿನ ತೀರ್ಪು ಹಾಗೆಯೇ ಉಳಿಯುತ್ತದೆ. ಮಾದರಿ ಕಟ್ಟಿದವರು ಯಾರು ಎಂಬ ಸಾಲಿನಲ್ಲಿ ನನ್ನ ಹೆಸರು ಬರೆದೆ.

"ಕಟ್ಟಿದ್ದು ಆಕೆ ಅಲ್ಲವೇ?" ಎಂದಳು ಮರೈಕೆ.

"ಚೆಂದಗೆ ಕಟ್ಟು ಎಂದವಳು ನಾನು."

ಅವಳು ಇನ್ನೊಂದು ಕಾಗದವನ್ನು ನನ್ನ ಮುಂದೆ ಸರಿಸಿದಳು. ಯಂತ್ರದ ಒಪ್ಪಿಗೆ ಕಾಗದಕ್ಕೂ ಸಹಿ ಹಾಕಿದೆ. ಅದರ ಕೆಲಸದಲ್ಲಿ ತಪ್ಪಿರಲಿಲ್ಲ, ಕೊಟ್ಟದ್ದನ್ನು ಅದು ಸರಿಯಾಗಿಯೇ ನೋಡಿತ್ತು.

ಐದೂಕಾಲಿಗೆ ಸಾವುಕಾರರ ಫೋನು ಬಂತು. ಓದಿದ್ದರು. "ಭಾವಾರಿಗೆ ಏನ್ ಹೇಳ್ಲಮ್ಮಾ?" ಎಂದರು. ದನಿಯಲ್ಲಿ ದಣಿವಿತ್ತು.

"ಹೇಳಾದು ಬ್ಯಾಡ್ರಿ. ಕಪಾಟಿನಾಗ ಆ ಕಾಗದದಾಗ ಇನ್ನೂ ಒಂದಿಷ್ಟು ಕಾಳು ಉಳಿದಾವ. ಅವ್ರ ಕೈಯಾಗ ಇಡ್ರಿ."

"ಸರೇಲೇಮ್ಮಾ," ಅಂದರು.

ಮತ್ತೆ ಆದೋನಿ

ಮುಂದಿನದನ್ನು ಮಾಬುಸಾಬರು ಹೇಳಿದರು. ಕಾಗದವನ್ನು ಭಾವಾರ ಮುಂದೆ ಬಿಚ್ಚಿದವಳು ಉರುಕುಂದಮ್ಮನೇ. "ಇವು ನಿಮ್ಮ ಚೀಲದಾಗಿನವು ರೀ, ನಾನೇ ಆರಿಸೀನಿ," ಎಂದಳಂತೆ. ಭಾವಾರು ಚಿಕ್ಕಂದಿನಿಂದ ಶೇಂಗಾದಲ್ಲೇ ಬೆಳೆದವರು. ಒಂದು ಕಾಳನ್ನು ಉಗುರಿನಿಂದ ಒಡೆದು, ಒಳಗೆ ನೋಡಿ, ಮೂಸಿ ಕೆಳಗಿಟ್ಟರಂತೆ. ಏಳನೇ ಲಾಟು ತಿನ್ನುವವರ ಕಡೆ ಹೋಗಲಿಲ್ಲ, ಸೋಪಿನ ಎಣ್ಣೆಗೆ ಹೋಯಿತು. ಭಾವಾರು ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಆಡಲಿ ಬಿಡಲಿ, ಲಾಟು ಕಳಿಸುವುದನ್ನು ನಿಲ್ಲಿಸಿಲ್ಲ.

ಊರಿಗೆ ಬಂದ ಮರುದಿನ ಉರುಕುಂದಮ್ಮನನ್ನು ಕೂಡಿಸಿಕೊಂಡು, ಹತ್ತೊಂಬತ್ತು ವರ್ಷ ಹೇಳದಿದ್ದುದನ್ನು ಹೇಳಿದೆ. ಬೂಸ್ಟು ಎಲ್ಲಿಂದ ಬರುತ್ತದೆ, ವಿಷ ಹೇಗೆ ಒಂದೆರಡು ಕಾಳಿನಲ್ಲೇ ಅಡಗಿರುತ್ತದೆ, ಆ ಕಾಳು ತಪ್ಪಿದರೆ ಎಷ್ಟು ದೊಡ್ಡ ಯಂತ್ರವಿದ್ದರೂ ಏನೂ ಕಾಣದು ಎಂದು. ಪೂರ್ತಿ ಕೇಳಿಸಿಕೊಂಡಳು. ಹೊಸ ಯಂತ್ರ ಬಂದರೆ ಅಲುಗಾಡಿಸುವುದು ತಪ್ಪುತ್ತದೆ, ಅರೆಯಲು ಸುರಿಯುವುದು ನಿನ್ನದೇ ಎಂದೆ. "ರಟ್ಟಿ ಉಳೀತು ಬಿಡ್ರಿ," ಅಂದಳು.

ಆಮೇಲೆ ಮರೈಕೆ ಅವಳಿಗೆಂದೇ ಕೊಟ್ಟಿದ್ದ ಶೇಂಗಾ ಬೆಣ್ಣೆಯ ಗಾಜಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಉರುಕುಂದಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಮುಚ್ಚಳ ತೆಗೆದು ಮೂಸಿದಳು. ಬೆರಳು ಹಾಕಲು ಹೋದವಳು ತಡೆದು ನನ್ನ ಕಡೆ ನೋಡಿದಳು.

"ಮೇಡಮ್, ಇದು ತಿನ್ನಾದೇನ್ರಿ, ನೋಡಾದೇನ್ರಿ?"

"ಮೊದ್ಲು ನೋಡಾಣವ್ವಾ, ಆಮ್ಯಾಲ ತಿನ್ನಾಣ," ಅಂದೆ. ಅವಳು ತಕ್ಕಡಿಯ ಮುಸುಕು ತೆಗೆದಳು, ನಾನು ಸೀಸೆ ತಂದೆ.